ನಮ್ಮೂರಿನ ಇಪ್ಪಿ

ಅವನಿಗೊಂದು ಹೆಸರಿತ್ತು, ಇಲ್ಲವೆಂದಲ್ಲ. ಆದರೆ ಗಣಿಯಲ್ಲಿ ಹಾಜರಿ ಕೂಗುವವರನ್ನು ಬಿಟ್ಟರೆ ಆ ಹೆಸರನ್ನು ಯಾರಾದರೂ ಬಳಸಿದ್ದು ನನಗಂತೂ ನೆನಪಿಲ್ಲ. ಬಂಗಾರಪೇಟೆಯಿಂದ ಬೇತಮಂಗಲದ ಕಡೆ ಹೋಗುವಾಗ ಸಿಗುವ ನಮ್ಮ ಊರಿನಲ್ಲಿ ಅವನು ಎಲ್ಲರಿಗೂ ಇಪ್ಪಿ. ಹಿಪ್ಪಿ ಅನ್ನಬೇಕಾದದ್ದು, ಆದರೆ ನಮ್ಮ ಕಡೆಯ ನಾಲಿಗೆಗೂ ಹಕಾರಕ್ಕೂ ಮೊದಲಿನಿಂದ ಆಗಿಬರುವುದಿಲ್ಲ. ಚಿಕ್ಕವರಿಗೆ ಇಪ್ಪಿ ಅಣ್ಣ, ಡೈರಿಯಲ್ಲಿ ಹಾಲು ಅಳೆಯುವವರಿಗೆ ಇಪ್ಪಿಯೋರು, ಕೊನೆಕೊನೆಗೆ ಮೊಮ್ಮಕ್ಕಳಿಗೆ ಇಪ್ಪಿ ತಾತ. ತಲೆಯ ಮೇಲೆ ಹೆಸರಿಗೊಂದು ಕೂದಲು ಉಳಿಯದ ಮೇಲೂ ಅವನು ಇಪ್ಪಿಯೇ. ಅವನ ಹೆಂಡತಿ ನಾರಾಯಣಮ್ಮನಿಗೆ ಮಾತ್ರ ಮಾವ. ಅವಳು ಅವನ ಒಡಹುಟ್ಟಿದ ಅಕ್ಕನ ಮಗಳು. ಹೆಣ್ಣು ಹುಟ್ಟಿತು ಎಂದು ಗೊತ್ತಾದ ದಿನವೇ ‘ತಮ್ಮನ್ಗಾಯ್ತು ಬುಡು’ ಎಂದು ಮನೆಯವರು ಮಾತಾಡಿಕೊಂಡಿದ್ದರಂತೆ. ನಮ್ಮ ಕಡೆ ಅದು ಹಾಗೆಯೇ.

ಹೋದ ವರ್ಷ ಅವನು ತೀರಿಕೊಂಡ. ನಾನು ಅವನಿಗಿಂತ ಸ್ವಲ್ಪ ಚಿಕ್ಕವನು, ಅದೇ ಊರಿನವನು. ರೈಲ್ವೆಯಲ್ಲಿ ಟಿಕೆಟ್ ಕೊಟ್ಟು ಕೊಟ್ಟು ನಿವೃತ್ತನಾಗಿ ಈಗ ಬಂಗಾರಪೇಟೆಯಲ್ಲೇ ಮನೆ ಮಾಡಿಕೊಂಡಿದ್ದೇನೆ. ಅವನ ಕಾರ್ಯಗಳೆಲ್ಲ ಮುಗಿದು, ಬಂದ ನೆಂಟರು ಹೋಗಿ, ಮನೆ ತಣ್ಣಗಾದ ಮೇಲೆ ಒಂದು ಬೆಳಿಗ್ಗೆ ನಾರಾಯಣಮ್ಮ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಕಾಯಿಯನ್ನು ನನ್ನ ಹೆಂಡತಿಯ ಮುಂದೆ ಸುರಿದು, ಕಾಫಿ ಕುಡಿದು, ನನ್ನ ಕಡೆ ತಿರುಗಿದಳು.

“ಅಣ್ಣಾ, ನನ್ನ ಆ ಸಮುದ್ರಕ್ಕೆ ಕರ್ಕೊಂಡೋಗು.”

“ಯಾವ ಸಮುದ್ರಕ್ಕಮ್ಮ?”

“ಇನ್ಯಾವ್ದು? ನೀವಿಬ್ರೂ ಓಡೋಗಿದ್ರಲ್ಲ, ಅದು.”

ನನ್ನ ಹೆಂಡತಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, “ತಿರುಪ್ತೀಗೋಗು ಅಂದ್ರೆ ಒಂದರ್ಥ. ಬರೀ ನೀರಲ್ಲೇನು ನೋಡ್ತೀಯೆ?” ಎಂದಳು. ನಾರಾಯಣಮ್ಮ ನನ್ನನ್ನೇ ನೋಡುತ್ತ ಹೇಳಿದಳು: “ಮಾವ ಅಲ್ಲಿಂದ ಯಾಕೆ ವಾಪಸ್ ಬಂದ ಅಂತ ನಂಗಿವತ್ಗೂ ಗೊತ್ತಿಲ್ಲಣ್ಣ. ಆ ಬಿಳಿಯೋರು ಓಡ್ಸಿದ್ರು ಅಂತ ಬಂದ್ನೋ, ನಾನಿದೀನಿ ಅಂತ ಬಂದ್ನೋ. ಇಷ್ಟು ವರ್ಷ ಬಾಳ್ವೆ ಮಾಡಿ ಗೊತ್ತಾಗ್ಲಿಲ್ಲ. ಆ ಜಾಗಾನಾದ್ರೂ ನೋಡ್ತೀನಿ.”

ಅವನು ಯಾಕೆ ಬಂದ ಎಂಬುದು ಈ ಭೂಮಿಯ ಮೇಲೆ ನನಗೊಬ್ಬನಿಗೆ ಗೊತ್ತಿತ್ತು. ಆದರೆ ಅದನ್ನು ಊರಲ್ಲಿ ಎತ್ತುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಿದ್ದೆ. ಅವಳಿಗೆ ನೋವಾಗಬಾರದು ಎಂದೇ ಅವನು ಆ ಮಾತು ತೆಗೆದುಕೊಂಡಿದ್ದ. “ಆಗಲಮ್ಮ, ಹೋಗೋಣ” ಎಂದಷ್ಟೇ ಹೇಳಿದೆ.

ಆ ಕಾಲವೇ ಹಾಗಿತ್ತು, ಹುಡುಗರೆಲ್ಲ ಕೂದಲು ಬಿಟ್ಟು ಹಾಡುತ್ತ ಕುಣಿಯುತ್ತ ತಿರುಗುತ್ತಿದ್ದರು ಎಂದು ಜನ ಹೇಳುವುದನ್ನು ಕೇಳಿದರೆ ನನಗೆ ನಗು ಬರುತ್ತದೆ. ಬೆಂಗಳೂರಿನಲ್ಲಿ ಹಾಗಿದ್ದಿರಬಹುದು. ನಮ್ಮೂರಿಗೆ ಆ ಕಾಲ ಬಂದದ್ದು ಅವನೊಬ್ಬನ ತಲೆಯ ಮೇಲೆ ಮಾತ್ರ. ಅವನು ಊರಿಗಾಂನ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿದು ಕೆಲಸ ಮಾಡುತ್ತಿದ್ದ. ಅಲ್ಲಿ ಕೂಲಿಕಾರರ ಲೈನು ಮನೆಗಳ ಪಕ್ಕದ ಬಂಗಲೆಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಮುದುಕ ಇದ್ದ. ಅವನ ತೋಟಕ್ಕೆ ನೀರು ಹಾಯಿಸಲು ಹೋಗಿ ಇವನು ಮೌತ್ ಆರ್ಗನ್ ಊದುವುದನ್ನು ಕಲಿತ, ಪರದೇಶದ ಪತ್ರಿಕೆಗಳಲ್ಲಿ ಉದ್ದ ಕೂದಲಿನ ಹುಡುಗರ ಚಿತ್ರ ನೋಡಿದ. ಮುಗಿಯಿತು. ಮಾರನೆಯ ತಿಂಗಳಿಂದ ನಮ್ಮೂರ ಕ್ಷೌರಿಕನಿಗೆ ಒಂದು ತಲೆ ಕಡಿಮೆಯಾಯಿತು.

ಗಣಿಯಲ್ಲಿ ಅವನ ಮೇಸ್ತ್ರಿ ತಮಿಳಿನವರು. ಹೆಲ್ಮೆಟ್ಟಿನ ಸುತ್ತ ಉಕ್ಕಿ ಬರುತ್ತಿದ್ದ ಆ ಕೂದಲನ್ನು ನೋಡಿ, “ಏನಪ್ಪಾ, ಒಳಗಡೆ ಕುರಿ ಇಟ್ಕೊಂಡು ಬಂದಿದಿಯಾ?” ಎಂದರಂತೆ. ಇವನು, “ಅಂಗೇ ಅನ್ಕೊಳ್ಳಿ ಸಾಮಿ, ಕೆಳಗಡೆ ಚಳಿ ಆದ್ರೆ ಬೇಕಾಯ್ತದೆ” ಎಂದನಂತೆ. ಅಲ್ಲಿ ಕೆಳಗೆ ಸೆಕೆಗೆ ಮೈಯ ಚರ್ಮ ಸುಲಿಯುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ರಾಬರ್ಟ್‌ಸನ್‌ಪೇಟೆಯ ಒಬ್ಬ ದರ್ಜಿಯ ಬೆನ್ನು ಬಿದ್ದು ನೇರಳೆ ಬಣ್ಣದ ಬೆಲ್ ಬಾಟಂ ಹೊಲಿಸಿಕೊಂಡ. ಒಂದೊಂದು ಕಾಲಿನ ಕೆಳಗೂ ಒಂದೊಂದು ಕೋಳಿ ಮುಚ್ಚಬಹುದಿತ್ತು, ಅಷ್ಟು ಅಗಲ. ಅದನ್ನು ತೊಟ್ಟೇ ಹಾಲು ಕರೆಯಲು ಕೂತ. ಅವನ ಮನೆಯ ಸೀಮೆಹಸು ಬಲು ಸಾಧು. ಅದು ತಿರುಗಿ ಒಂದು ಸಲ ನೋಡಿತು; ಏನು ತಿಳಿಯಿತೋ, ಒಂದೇ ಏಟಿಗೆ ಬಕೆಟ್ಟನ್ನೂ ಇವನನ್ನೂ ಬೇರೆ ಬೇರೆ ದಿಕ್ಕಿಗೆ ಒದೆಯಿತು. ಅವನವ್ವ ಬಾಗಿಲಲ್ಲಿ ನಿಂತು, “ಸರಿಯಾಗ್ ಮಾಡ್ದೆ ಕಣವ್ವಾ, ಲಂಗ ಉಟ್ಕಂಡು ಬರ್ತಾನೆ ಗಂಡ್ಸು!” ಎಂದು ಹಸುವಿನ ಬೆನ್ನು ಸವರಿದಳು. ಅಂದಿನಿಂದ ಹಾಲು ಕರೆಯುವಾಗ ಪಂಚೆ, ಡೈರಿಗೆ ಹೋಗುವಾಗ ಬೆಲ್ ಬಾಟಂ. ಹಸು ಗೆದ್ದದ್ದು ಅಷ್ಟೇ.

ಗಣಿಯಲ್ಲಿ ಅವನ ಕೆಲಸ, ಬಂಡೆ ಕುಸಿಯದ ಹಾಗೆ ಮರದ ಆಸರೆ ನಿಲ್ಲಿಸುವುದು. ಒಳಗೆ ಎಲ್ಲೇ ಕೂರಬೇಕಾದರೂ ಮೊದಲು ತಲೆಯ ಮೇಲಿನ ಬಂಡೆಯನ್ನು ಹಾರೆಯಿಂದ ತಟ್ಟಿ, ಅದರ ಸದ್ದು ಕೇಳಿ, ಆಮೇಲೆ ಕೂರುತ್ತಾರೆ. ಗಟ್ಟಿ ಬಂಡೆ ಕಣ್ ಎನ್ನುತ್ತದೆ, ಬಿಟ್ಟುಕೊಂಡದ್ದು ಬೊದ್ ಎನ್ನುತ್ತದೆ. ಈ ಚಾಳಿ ಅವನಿಗೆ ಮೇಲೆ ಬಂದ ಮೇಲೂ ಬಿಡಲಿಲ್ಲ. ಬಸ್ ನಿಲ್ದಾಣದ ಕಂಬ ತಟ್ಟುತ್ತಿದ್ದ, ಮದುವೆ ಮನೆಯ ಚಪ್ಪರದ ಗೂಟ ತಟ್ಟುತ್ತಿದ್ದ. ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದವನು ಬೆರಳ ಗೆಣ್ಣಿನಿಂದ ಗೋಡೆಗಳನ್ನೆಲ್ಲ ತಟ್ಟುತ್ತ ಒಂದು ಸುತ್ತು ಬಂದು, ನೆಂಟರೆಲ್ಲರ ಎದುರಿಗೆ “ಪರವಾಗಿಲ್ಲ ಕಣ್ಲಾ, ಒಳಗಡೆ ಕೂತ್ಕೋಬೋದು” ಎಂದು ಪ್ರಮಾಣಪತ್ರ ಕೊಟ್ಟ. ಮನೆ ಕಟ್ಟಿದ ಮೇಸ್ತ್ರಿಯ ಮುಖ ನೋಡಬೇಕಿತ್ತು.

ಹೀಗಿರುವಾಗ ಮದುವೆಯ ಮಾತು ಬಂತು. ಬಂತು ಅನ್ನುವುದೇನು, ಹುಡುಗಿ ಹುಟ್ಟಿದಾಗಲೇ ಇದ್ದ ಮಾತು, ದಿನ ನೋಡುವುದಷ್ಟೇ ಬಾಕಿ. ನಾರಾಯಣಮ್ಮನಿಗೆ ಆಗ ಹದಿನೆಂಟು ತುಂಬಿತ್ತು. ಅವನ ಅಕ್ಕ ಬಂದು ತವರಿನ ಜಗಲಿಯ ಮೇಲೆ ಕೂತು, “ಉಗಾದಿ ಕಳೀತಿದ್ದಂಗೆ ಮಾಡ್ಬುಡಾಣ” ಎಂದಳು. ಇವನು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನಾನು ಆಗ ರಾಬರ್ಟ್‌ಸನ್‌ಪೇಟೆಯ ಕಾಲೇಜಿಗೆ ಓದುವ ಹೆಸರಿನಲ್ಲಿ ಮಣ್ಣು ಹೊರುತ್ತಿದ್ದೆ. ಪಾಸಾಗುವ ಅಪಾಯವೇನೂ ಇರಲಿಲ್ಲ. ಒಂದು ಸಂಜೆ ಅವನು ಕಾಲೇಜಿನ ಗೇಟಿಗೆ ಬಂದು ನಿಂತ. “ಯಾಕೋ ಗಾಳಿ ಆಡ್ತಿಲ್ಲ ಕಣ್ಲಾ. ನಡಿ, ಸಮುದ್ರ ನೋಡ್ಕಂಡು ಬರಾಣ” ಎಂದ. ಎಷ್ಟು ದಿನಕ್ಕೆ, ಎಲ್ಲಿಗೆ, ಮನೆಯಲ್ಲಿ ಏನು ಹೇಳುವುದು ಎಂದೆಲ್ಲ ಕೇಳುವ ವಯಸ್ಸು ಅದಲ್ಲ. ಅವನ ಚೀಲದಲ್ಲಿ ಮೌತ್ ಆರ್ಗನ್, ನೇರಳೆ ಪ್ಯಾಂಟು, ಮತ್ತೆ ಒಂದು ಗಂಟು ರಾಗಿಹಿಟ್ಟು. ಮನೆ ಬಿಟ್ಟು ಓಡಿಹೋಗುವಾಗ ರಾಗಿಹಿಟ್ಟು ಕಟ್ಟಿಕೊಂಡು ಹೋದ ಹಿಪ್ಪಿ ಇನ್ನೊಬ್ಬನಿದ್ದರೆ ನನಗೆ ತೋರಿಸಿ.

ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಗೋಕರ್ಣದಿಂದ ಗುಡ್ಡ ಹತ್ತಿ ಇಳಿಯುವ ಕಾಲುದಾರಿ. ಗುಡ್ಡದ ನೆತ್ತಿಯಲ್ಲಿ ಇಬ್ಬರೂ ನಿಂತು ನೋಡಿದೆವು. ನಮ್ಮ ಕಡೆ ಕಣ್ಣು ತುಂಬ ನೀರು ಎಂದರೆ ಬೇತಮಂಗಲದ ಕೆರೆ. ಅದಕ್ಕೆ ಆಚೆ ದಡ ಇದೆ, ಆಚೆ ದಡದಲ್ಲಿ ಯಾರದೋ ಎಮ್ಮೆ ಇದೆ. ಇದಕ್ಕೆ ಆಚೆಯೇ ಇರಲಿಲ್ಲ. ಅವನು ಬಹಳ ಹೊತ್ತು ನೋಡಿ, “ಇಷ್ಟೊಂದು ಜಾಗ ಮೇಲ್ಗಡೆ ಸುಮ್ನೆ ಬಿದ್ದಿರುವಾಗ ನಾವ್ಯಾಕ್ಲಾ ತೂತು ಕೊರ್ಕಂಡು ಒಳಗೋದ್ವಿ?” ಎಂದ.

ಕೆಳಗೆ ಮರಳಿನ ಮೇಲೆ, ತೆಂಗಿನ ಗರಿಯ ಗುಡಿಸಲುಗಳಲ್ಲಿ, ಬಂಡೆಯ ಸಂದಿಗಳಲ್ಲಿ ಪರದೇಶದ ಹುಡುಗ ಹುಡುಗಿಯರು ಇದ್ದರು. ಹಾಡುವವರು, ಸುಮ್ಮನೆ ಕೂತವರು, ಹೊಗೆ ಬಿಡುವವರು. ನಮ್ಮನ್ನು ನೋಡಿ ಯಾರೂ ಏಳಲಿಲ್ಲ, ಯಾರೂ ಹೋಗೆನ್ನಲಿಲ್ಲ. ಇವನ ಮೌತ್ ಆರ್ಗನ್ ಕೇಳಿದ ಮೇಲಂತೂ ಜಾಗ ಬಿಟ್ಟು ಕೂರಿಸಿಕೊಂಡರು. ಅವರ ಚಿಲುಮೆಯನ್ನು ಒಂದು ದಮ್ಮು ಎಳೆದು ಇವನು ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿ, “ಗಣಿ ಧೂಳೇ ಎಷ್ಟೋ ವಾಸಿ” ಎಂದು ವಾಪಸ್ ಕೊಟ್ಟ. ಅಲ್ಲಿಗೆ ಗಾಂಜಾದ ಅಧ್ಯಾಯ ಮುಗಿಯಿತು. ಇವನಿಗೆ ಬೇಕಾದದ್ದು ಬೇರೆ. “ನೋಡಿದ್ಯಾ, ಇಲ್ಲಿ ಯಾರೂ ಯಾವೂರು, ಯಾರ ಮಗ, ಯಾವ ಪೈಕಿ ಅಂತ ಕೇಳಲ್ಲ ಕಣ್ಲಾ” ಎಂದು ದಿನವೂ ಹೇಳುತ್ತಿದ್ದ. ಹೇಳುವಾಗ ಅವನ ಮುಖ ಅರಳುತ್ತಿತ್ತು.

ಆದರೆ ಸ್ವಭಾವ ಎಲ್ಲಿ ಹೋಗಬೇಕು? ಕೆಲವರು ಒಂದು ದೊಡ್ಡ ಬಂಡೆಯ ಚಾಚಿನ ಕೆಳಗೆ ಸಂಸಾರ ಹೂಡಿದ್ದರು. ಇವನು ಅದರ ಸೂರನ್ನು ಒಂದು ಕಲ್ಲಿನಿಂದ ತಟ್ಟಿ ನೋಡಿ ಹೌಹಾರಿದ. “ಬೊದ್ ಅಂತೈತೆ! ಔಟ್, ಔಟ್, ಎವ್ರಿಬಡಿ ಔಟ್!” ಎಂದು ಅವರನ್ನೆಲ್ಲ ಎಬ್ಬಿಸಿ ಹೊರಗೆ ಹಾಕಿದ. ಅವರೋ, ಇದೇನೋ ಪೂಜೆಯಿರಬೇಕು ಎಂದು ಕೈಮುಗಿದುಕೊಂಡು ನಿಂತರು. ಇವನು ಊರೊಳಗೆ ಹೋಗಿ ಯಾರನ್ನೋ ಗೋಗರೆದು ಗಾಳಿಮರದ ಕಂಬಗಳನ್ನು ತಂದು, ಅಳೆದು, ಕಡಿದು, ತಲೆಗೆ ಬೆಣೆ ಹೊಡೆದು ಬಂಡೆಗೆ ಆಸರೆ ನಿಲ್ಲಿಸಿದ. ಗಣಿಯ ಕೆಲಸದಿಂದ ತಪ್ಪಿಸಿಕೊಂಡು ಸಮುದ್ರಕ್ಕೆ ಬಂದವನು ಸಮುದ್ರದ ದಡದಲ್ಲೊಂದು ಗಣಿ ಮಾಡಿದ. ನಾನು ಬಿದ್ದು ಬಿದ್ದು ನಕ್ಕೆ. ಅವನಿಗೆ ನಗು ಬರಲಿಲ್ಲ. “ಮಕ್ಳು ಮಲ್ಗೋ ಜಾಗ ಕಣ್ಲಾ” ಎಂದ.

ಅವರಿಗೆ ಮುದ್ದೆ ತಿನ್ನಿಸಿದ ಕಥೆ ಬೇರೆ. ಒಬ್ಬ ಗಡ್ಡದವನು ತುತ್ತನ್ನು ಬಾಯಲ್ಲಿಟ್ಟುಕೊಂಡು ಅಗಿದೇ ಅಗಿದ. ಇವನು ಅವನ ದವಡೆ ಹಿಡಿದು, “ನೋ ಬೈಟ್, ನೋ ಬೈಟ್! ಸ್ಟ್ರೈಟ್ ಡೌನ್!” ಎಂದು ಗಂಟಲು ತೋರಿಸಿ ಪಾಠ ಮಾಡಿದ. ಗಣಿಯ ಇಂಗ್ಲಿಷಿನಲ್ಲಿ ಕೆಳಗೆ ಇಳಿಯುವುದಕ್ಕೆ ಬೇಕಾದ ಮಾತೆಲ್ಲ ಇತ್ತು.

ಅಲ್ಲಿ ಒಬ್ಬಳು ಹುಡುಗಿ. ಅವಳು ತನ್ನ ಊರಿನ ಹೆಸರನ್ನು ಎಷ್ಟು ಸಲ ಹೇಳಿದರೂ ನಮ್ಮ ನಾಲಿಗೆ ತಿರುಗಲಿಲ್ಲ. ಅವಳಿಗೆ ಕಾಮಾಲೆಯಾಯಿತು. ಜೊತೆಯವರು ಒಬ್ಬೊಬ್ಬರೇ ಗೋವಾ ಕಡೆಗೆ ಜಾರಿಕೊಂಡರು. ಸ್ವಾತಂತ್ರ್ಯ ಎಂದರೆ ಅದೂ ಸೇರಿತ್ತು ಅನ್ನಿ. ಅವಳ ಆರೈಕೆಗೆ ನಿಂತವನು ಇವನು. ನೆಲನೆಲ್ಲಿ ಹುಡುಕಿ ತಂದು ಅರೆದು ಮಜ್ಜಿಗೆಯಲ್ಲಿ ಕುಡಿಸಿದ, ತನ್ನ ಗಂಟಿನ ಕೊನೆಯ ಹಿಟ್ಟಿನಲ್ಲಿ ತೆಳ್ಳಗೆ ಗಂಜಿ ಕಾಯಿಸಿದ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಬಂದ. ಅವಳ ಕಣ್ಣಿನ ಹಳದಿ ಇಳಿಯುವ ತನಕ ಮೌತ್ ಆರ್ಗನ್ ಮುಟ್ಟಲಿಲ್ಲ. ಎದ್ದು ಓಡಾಡುವಂತಾದ ಮೇಲೆ ಆ ಹುಡುಗಿ ಒಂದು ಮಧ್ಯಾಹ್ನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅವನೊಡನೆ ಒಂದು ಮಾತಾಡಿದಳು. ಅವಳ ಇಂಗ್ಲಿಷ್ ಅವನಿಗೆ ಹತ್ತದು, ಅವನದು ಅವಳಿಗೆ ಹತ್ತದು. ಮಧ್ಯದಲ್ಲಿ ನಾನು ದುಭಾಷಿ. ಅದಾದ ಎರಡೇ ದಿನಕ್ಕೆ ನಾವು ಊರಿನ ದಾರಿ ಹಿಡಿದೆವು. ಬಸ್ಸಿನಲ್ಲಿ ಅವನು ನನ್ನ ಕೈ ಹಿಡಿದುಕೊಂಡು ಮಾತು ತೆಗೆದುಕೊಂಡ: ಆ ಹುಡುಗಿಯ ವಿಷಯ ಊರಲ್ಲಿ ಉಸಿರೆತ್ತಕೂಡದು. ಯಾಕೆ ಬಂದಿರಿ ಎಂದು ಕೇಳಿದರೆ, ಬಿಳಿಯರು ಓಡಿಸಿಬಿಟ್ಟರು ಎಂದು ಹೇಳುವುದು.

ಹಾಗೇ ಹೇಳಿದೆವು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉಗಾದಿ ಕಳೆದು ಸ್ವಲ್ಪ ದಿನಕ್ಕೆ ಮದುವೆಯೂ ಆಯಿತು. ಕೂದಲು ಕತ್ತರಿಸಿದರೇ ತಾಳಿ ಎಂದು ಅವನ ಅಕ್ಕ ಹಟ ಹಿಡಿದಳು. ಇವನು ಅದನ್ನು ಮದುವೆ ಪೇಟದ ಒಳಗೆ ಮುಚ್ಚಿಟ್ಟುಕೊಂಡು ಹೇಗೋ ದಾಟಿಸಿದ.

ಅವರ ಸಂಸಾರ ಚೆನ್ನಾಗಿತ್ತು ಎಂದೇ ನಾನು ತಿಳಿದಿದ್ದೆ. ಇವನು ನಮ್ಮೂರಿನ ಗಂಡಸರಿಗೆ ಕೆಟ್ಟ ಹೆಸರು ತಂದವನು. ಬೋರಿನಿಂದ ನೀರು ಹೊರುತ್ತಿದ್ದ, ಹೆಂಡತಿಗೆ ಮೈ ಸರಿಯಿಲ್ಲದ ದಿನ ಮುದ್ದೆ ತಿರುವುತ್ತಿದ್ದ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಡೈರಿಗೆ ಬರುತ್ತಿದ್ದ. ಯಾರಾದರೂ ಅಣಕಿಸಿದರೆ, “ಇಪ್ಪಿ ಕಣಪ್ಪ ನಾನು, ನಂಗೆ ಎಲ್ಲಾ ಮಾಪು” ಎನ್ನುತ್ತಿದ್ದ. ನಾರಾಯಣಮ್ಮನಿಗೆ ಸಿಟ್ಟು ಬಂದಾಗ ಮಾತ್ರ ಒಂದು ಮಾತು ತಪ್ಪದೆ ಬರುತ್ತಿತ್ತು: “ಆ ಬಿಳಿಯೋರೂ ಇಟ್ಕೊಳ್ಲಿಲ್ಲ, ತಂದು ನನ್ನ ತಲೆಗೆ ಕಟ್ಟಿದ್ರು.” ಅವನು ನಗುತ್ತಿದ್ದ. ನಾನೂ ನಗುತ್ತಿದ್ದೆ. ಅವಳು ನಗುತ್ತಿದ್ದಳೋ ಇಲ್ಲವೋ, ನಾನು ಯಾವತ್ತೂ ನೋಡಲಿಲ್ಲ.

ನನಗೆ ರೈಲ್ವೆ ಪಾಸು ಸಿಗುತ್ತಿತ್ತು. ಪ್ರತಿ ವರ್ಷವೂ ಕರೆಯುತ್ತಿದ್ದೆ: ನಡಿಯೋ, ಇನ್ನೊಂದು ಸಲ ಆ ಕಡಲನ್ನು ನೋಡಿಕೊಂಡು ಬರೋಣ. “ಸಮುದ್ರ ಎಲ್ಲಿಗೋಯ್ತದೆ ಬಿಡ್ಲಾ” ಎನ್ನುತ್ತಿದ್ದ. ಮೊದಮೊದಲು ಹಸು ಈಯಬೇಕಿತ್ತು, ಆಮೇಲೆ ಮಗಳ ಮದುವೆ, ಆಮೇಲೆ ಗಣಿ ಮುಚ್ಚಿತು. ಮುಚ್ಚಿದ ದಿನ ಗೇಟಿನ ಮುಂದೆ ಅತ್ತವರನ್ನೆಲ್ಲ ಇವನೇ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಸಮಾಧಾನ ಹೇಳಿದ. ಮನೆಗೆ ಬಂದು ಕೊಟ್ಟಿಗೆಯಲ್ಲಿ ಒಬ್ಬನೇ ಕೂತ. ಹಸುಗಳನ್ನು ಹೆಚ್ಚಿಸಿದ. ಕೆಮ್ಮು ಆಗಲೇ ಶುರುವಾಗಿತ್ತು. ಗಣಿಯಲ್ಲಿ ದುಡಿದವರ ಕೆಮ್ಮು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಬೀದಿಯಲ್ಲಿ ಹೋಗುವಾಗ ಯಾವ ಮನೆಯಿಂದ ಬಂತು ಎಂದು ಹೇಳಬಹುದು. ಕೊನೆಯ ವರ್ಷ ನಾನೇ ಕರೆಯುವುದನ್ನು ಬಿಟ್ಟೆ. ಒಂದು ದಿನ ಅವನೇ, ಎರಡು ದಿಂಬಿಗೆ ಒರಗಿಕೊಂಡು, “ಈಗ ಆ ಗುಡ್ಡ ಅತ್ತಾಕಾಗಲ್ಲ ಕಣ್ಲಾ. ನೀನೋಗ್ ಬಾ” ಎಂದ. ನಾನು ಬೇರೆ ಮಾತೆತ್ತಿದೆ. ಅವನಿಲ್ಲದೆ ಆ ಗುಡ್ಡ ಹತ್ತುವುದು ನನ್ನ ಕೈಲಿ ಆಗುತ್ತಿರಲಿಲ್ಲ.

ಈಗ ಹತ್ತಿದೆ, ಅವನ ಹೆಂಡತಿಯನ್ನು ಕರೆದುಕೊಂಡು. ಗೋಕರ್ಣಕ್ಕೆ ಈಗ ರೈಲೇ ಹೋಗುತ್ತದೆ. ನನ್ನ ಹೆಂಡತಿಯೂ ಬಂದಿದ್ದಳು, ಆದರೆ ಮಂಡಿನೋವು ಎಂದು ದೇವಸ್ಥಾನದ ಹತ್ತಿರ ಮಾಡಿದ್ದ ರೂಮಿನಲ್ಲೇ ಉಳಿದಳು. ಗುಡ್ಡದ ಬುಡದ ತನಕ ಆಟೋ ಬರುತ್ತದೆ. ನಾರಾಯಣಮ್ಮ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಮುಂದೆ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ ಹಿಂದೆ. ನೆತ್ತಿಯಲ್ಲಿ ನಿಂತು ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನೋಡಿದಳು. “ಅಯ್ಯಪ್ಪಾ” ಎಂದಳು, ಅಷ್ಟೇ.

ಕೆಳಗೆ ಎಲ್ಲ ಬದಲಾಗಿದೆ. ಸಾಲಾಗಿ ಊಟದ ಅಂಗಡಿಗಳು, ಬಣ್ಣದ ಛತ್ರಿಗಳು, ಕೋಲಿನ ತುದಿಗೆ ಮೊಬೈಲು ಕಟ್ಟಿಕೊಂಡು ತಮ್ಮನ್ನೇ ನೋಡಿಕೊಳ್ಳುವ ಹುಡುಗರು. ಸಮುದ್ರಕ್ಕೆ ಬೆನ್ನು ಹಾಕಿ ಅದರ ಫೋಟೋ ತೆಗೆಯುತ್ತಾರೆ, ಏನು ಬುದ್ಧಿಯೋ. ಒಬ್ಬ ಹುಡುಗ ಜಡೆ ಜಡೆ ಕೂದಲು ಬಿಟ್ಟುಕೊಂಡು ನಿಂಬೆಹಣ್ಣಿನ ಷರಬತ್ತು ತಂದುಕೊಟ್ಟ. ನಮ್ಮವನ ಕೂದಲಿನ ಮುಂದೆ ಅದು ಏನೂ ಅಲ್ಲ. ಆಸರೆ ಕೊಟ್ಟಿದ್ದ ಆ ಬಂಡೆಯನ್ನು ಹುಡುಕಿದೆ, ಸಿಗಲಿಲ್ಲ. ಎಲ್ಲ ಬಂಡೆಯೂ ಅದೇ ಅನ್ನಿಸಿತು. ನಾರಾಯಣಮ್ಮನಿಗೆ ಕಂಬದ ಕಥೆ, ಮುದ್ದೆಯ ಕಥೆ ಮತ್ತೆ ಹೇಳಿದೆ. ಅವಳು ನೂರು ಸಲ ಕೇಳಿದ್ದಳು. ಆದರೂ ಜಾಗ ನೋಡಿಕೊಂಡು ಕೇಳುವುದು ಬೇರೆಯೇ. ನಕ್ಕಳು. ಆಮೇಲೆ ಒಂದು ತೆಂಗಿನ ಮರದ ನೆರಳಿನಲ್ಲಿ ಕಾಲು ಚಾಚಿ ಕೂತು ಕೇಳಿದಳು.

“ಚೆನ್ನಾಗೈತಣ್ಣ. ಇಂಥ ಜಾಗ ಬಿಟ್ಟು ಯಾರು ಬರ್ತಾರೆ? ಓಡ್ಸಿರ್ಬೇಕು, ಅದ್ಕೇ ಬಂದವ್ನೆ. ಈಗ ಅರ್ಥ ಆಯ್ತು ಬಿಡು.”

ಅದನ್ನು ಬಹಳ ತಣ್ಣಗೆ ಹೇಳಿದಳು. ಆಗಲೇ ನನಗೆ ಅರಿವಾದದ್ದು: ಇಷ್ಟು ವರ್ಷ ಅವಳು ಸಿಟ್ಟಿನಲ್ಲಿ ಆಡುತ್ತಿದ್ದ ಆ ಮಾತು ತಮಾಷೆಯಾಗಿರಲಿಲ್ಲ. ಅವಳನ್ನು ನೋಯಿಸಬಾರದು ಎಂದು ನಾವು ಕಟ್ಟಿದ ಕಥೆಯನ್ನೇ ಅವಳು ನಂಬಿದ್ದಳು, ನಂಬಿ ತಾನು ಬೇರೆ ಗತಿಯಿಲ್ಲದೆ ಬಂದವನ ಹೆಂಡತಿ ಎಂದು ಬಾಳಿದ್ದಳು. ಮಾತು ತೆಗೆದುಕೊಂಡವನು ಹೋಗಿಯಾಯಿತು. ಅವನಾದರೂ ಇನ್ನು ಬೇಡ ಎನ್ನುತ್ತಿರಲಿಲ್ಲ.

“ಯಾರೂ ಓಡಿಸಲಿಲ್ಲಮ್ಮ” ಎಂದೆ. “ಒಬ್ಬಳು ಹುಡುಗಿ ಇದ್ದಳು.”

ನಾನು ಕಾಮಾಲೆಯಿಂದ ಶುರು ಮಾಡಿ ಎಲ್ಲ ಹೇಳಿದೆ. ಕೊನೆಗೆ ಆ ಮಧ್ಯಾಹ್ನದ ಮಾತಿಗೆ ಬಂದೆ. ಹುಡುಗಿ ನೇಪಾಳಕ್ಕೆ ಹೊರಟಿದ್ದಳು. ನನ್ನ ಜೊತೆ ಬಾ, ಅಲ್ಲಿಂದ ನನ್ನ ದೇಶಕ್ಕೆ ಹೋಗೋಣ, ನೀನಿಲ್ಲದೆ ಹೋಗಲು ನನಗೆ ಮನಸ್ಸಿಲ್ಲ ಎಂದು ಕೇಳಿದ್ದಳು. ಅದನ್ನು ಕನ್ನಡದಲ್ಲಿ ಹೇಳಲು ನನಗೇ ನಾಚಿಕೆಯಾಗಿತ್ತು.

“ಅವ್ಳೇ ಕೇಳಿದ್ಳಾ? ಬಾಯ್ಬಿಟ್ಟು?”

“ಬಾಯಿಬಿಟ್ಟೇ ಕೇಳಿದಳು. ಅಳುತ್ತ ಕೇಳಿದಳು.”

“ಮಾವ ಏನಂದ?”

“ಅವನು ನೆಲ ನೋಡಿದ. ಆಮೇಲೆ ನನಗೆ ಹೇಳಿದ: ‘ಊರಾಗೆ ಒಬ್ಳವ್ಳೆ ಅಂತ ಯೇಳ್ಲಾ. ಅವ್ಳು ನನ್ಗೇ ಅಂತ ಎಲ್ರೂ ಯೇಳ್ಬುಟ್ಟವ್ರೆ, ಅವ್ಳನ್ನ ಮಾತ್ರ ಯಾರೂ ಕೇಳಿಲ್ಲ. ಇವ್ಳು ನನ್ನ ಕೇಳಿದ್ಲಲ್ಲ, ಅಂಗೆ ನಾನೋಗಿ ಅವ್ಳನ್ನ ಕೇಳ್ಬೇಕು. ನಂಗೆ ಅವ್ಳು ಬೇಕು ಅಂತ ಇಲ್ಲಿಗೆ ಬಂದ್ಮೇಲೆ ಗೊತ್ತಾಯ್ತು ಅಂತ ಯೇಳು.’ ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಆ ಹುಡುಗಿ ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಎದ್ದು ಹೋದಳು.”

ನಾರಾಯಣಮ್ಮ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ಕೈಯಲ್ಲಿದ್ದ ಷರಬತ್ತಿನ ಲೋಟವನ್ನು ಮರಳಿನಲ್ಲಿ ಬೀಳದಂತೆ ಊರಿ ಇಟ್ಟಳು.

“ಬಂದಿದ್ದ ಅಣ್ಣ” ಎಂದಳು. “ಕೇಳಾಕೆ ಬಂದಿದ್ದ.”

ಇದು ನನಗೆ ಗೊತ್ತಿರಲಿಲ್ಲ. ಅವನು ಯಾವತ್ತೂ ಹೇಳಿರಲಿಲ್ಲ.

“ಸಮುದ್ರದಿಂದ ಬಂದ್ ಮಾರ್ನೇ ದಿನಾನೇ. ನಮ್ಮಟ್ಟಿ ಕೊಟ್ಗೆ ತಾವ. ನಾನು ಸಗಣಿ ಬಾಚ್ತಿದ್ದೆ. ಆ ಕೂದ್ಲು ಬುಟ್ಕಂಡು ಬಾಗ್ಲಾಗೆ ನಿಂತ್ಕಂಡು, ‘ನಾರಾಣೀ, ನನ್ನ ಮಾಡ್ಕೊಳಾಕೆ ನಿಂಗಿಷ್ಟಾನಾ? ಇಲ್ಲಾಂದ್ರೆ ಯೇಳು, ಅಕ್ಕನತ್ರ ನಾನೇ ಮಾತಾಡ್ತೀನಿ’ ಅಂದ. ನೀನೇ ಯೇಳಣ್ಣ, ನಮ್ಮ ಕಡೆ ಯಾರಾನಾ ಎಣ್ಣನ್ನ ಕೇಳವ್ರಾ? ನಮ್ಮವ್ವನ್ನ ಕೇಳಿದ್ರಾ? ನಮ್ಮಜ್ಜೀನ ಕೇಳಿದ್ರಾ? ಕೇಳ್ತಾವ್ನೆ ಅಂದ್ರೆ ಅವ್ನಿಗೆ ನಾನು ಬ್ಯಾಡ, ನನ್ನ ಬಾಯಾಗೆ ಒಲ್ಲೆ ಅನ್ನಿಸ್ಬುಟ್ಟು ತಪ್ಪಿಸ್ಕಳಾಕೆ ಬಂದವ್ನೆ, ಅನ್ಕಂಡೆ. ಮೈಯೆಲ್ಲಾ ಉರಿದೋಯ್ತು. ಮಂಕರಿ ಎತ್ತಿ ತಲೆ ಮ್ಯಾಲಿಕ್ಕಂಡು ತಿಪ್ಪೆ ಕಡೆ ನಡ್ದೆ. ತಿರುಗೂ ನೋಡ್ಲಿಲ್ಲ.”

“ಅವನು?”

“ನಿಂತಿದ್ದ. ತಿಪ್ಪೆ ತಾವ್ಲಿಂದ ನೋಡಿದ್ರೆ ಬೋ ಒತ್ತು ಅಲ್ಲೇ ನಿಂತಿದ್ದ. ಆಮೇಲೆ ಯಾವತ್ತೂ ಕೇಳ್ಲಿಲ್ಲ.”

ಅವನು ಅವಳ ಮನಸ್ಸನ್ನು ತಿಳಿಯದೆ ತಾಳಿ ಕಟ್ಟಿದ. ಇವಳು ಅವನ ಮನಸ್ಸನ್ನು ತಿಳಿಯದೆ ಕಟ್ಟಿಸಿಕೊಂಡಳು. ಇಬ್ಬರೂ ಒಂದೇ ಸೂರಿನ ಕೆಳಗೆ ಮಕ್ಕಳನ್ನು ಸಾಕಿದರು, ಹಸುಗಳನ್ನು ಸಾಕಿದರು, ಒಬ್ಬರ ಕೆಮ್ಮಿಗೆ ಇನ್ನೊಬ್ಬರು ಬಿಸಿನೀರು ಕಾಯಿಸಿದರು. ಅವನು ಕೇಳಿದ್ದ ಪ್ರಶ್ನೆ ಮಾತ್ರ ಆ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿತ್ತು.

“ಇಷ್ಟ ಇತ್ತಣ್ಣ” ಎಂದಳು ನಾರಾಯಣಮ್ಮ. “ಚಿಕ್ಕೋಳಿದ್ದಾಗ್ನಿಂದ್ಲೂ ಇತ್ತು. ಅವ್ನು ಪ್ಯಾಂಟಾಕ್ಕಂಡು ಒದೆ ತಿಂದಾಗ ಊರೆಲ್ಲಾ ನಗ್ತು, ನಾನು ಮನೆ ಒಳಗೋಗಿ ಅತ್ತಿದ್ದೆ. ಒಂದು ಊಂ ಅಂದಿದ್ರೆ ಆಗೋಗದು. ಅನ್ಲೇ ಇಲ್ಲ.”

ಅವಳು ಎದ್ದಳು. ಸೀರೆಗೆ ಅಂಟಿದ ಮರಳು ಕೊಡವಿಕೊಂಡು, ಫೋಟೋ ತೆಗೆಯುವ ಹುಡುಗರ ನಡುವೆ ಹಾದು ನೀರಿನ ಅಂಚಿಗೆ ಹೋಗಿ ನಿಂತಳು. ಒಂದು ಅಲೆ ಬಂದು ಅವಳ ಪಾದ ಮುಚ್ಚಿ ಹಿಂದೆ ಸರಿಯಿತು. ಜಾರಿಬಿದ್ದಾಳೆಂದು ನಾನೂ ಹಿಂದೆಯೇ ಹೋದೆ. ಅವಳಿಗೆ ನಾನಿದ್ದದ್ದು ಗೊತ್ತಾಗಲಿಲ್ಲ.

“ಊಂ, ಮಾವ” ಎಂದಳು.

ನಾನು ಮುಖ ತಿರುಗಿಸಿಕೊಂಡೆ. ಆ ಮಾತು ನಾನು ಕೇಳಿಸಿಕೊಳ್ಳಬೇಕಾದದ್ದಲ್ಲ.